ತೇಲಿದ ಗುಮ್ಮಟ

ಆ ಇಬ್ಬರನ್ನು ನಾನು ಕೆಲಸಕ್ಕೆ ಸೇರಿಸಿಕೊಂಡದ್ದು ಅರ್ಧ ಕೂಲಿಯ ಆಸೆಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಎಂಬತ್ತರ ದಶಕದ ನಡುವಿನ ಮಾತು. ನಾನು ಹೊಸನಗರದಲ್ಲಿ ಬಾವಿಕಟ್ಟೆ, ನೀರಿನ ತೊಟ್ಟಿ, ಕೊಟ್ಟಿಗೆಯ ಗೋಡೆ ಇಂಥವನ್ನು ಗುತ್ತಿಗೆ ಹಿಡಿದು ಮಾಡುತ್ತಿದ್ದ ಗಾರೆ ಮೇಸ್ತ್ರಿ. ಆಗ ಊರೂರಿಗೂ ಗೋಬರ್ ಗ್ಯಾಸ್ ಬರತೊಡಗಿತ್ತು. ಕಾಡಿನ ಸೌದೆ ಉಳಿಯಲಿ, ಅಡಿಗೆಮನೆಯ ಹೊಗೆ ಹೋಗಲಿ ಎಂದು ಸರ್ಕಾರ ಅದನ್ನು ಕಟ್ಟಿಸಿಕೊಳ್ಳುವವರಿಗೆ ಸಹಾಯಧನ ಕೊಡುತ್ತಿತ್ತು. ಆದರೆ ಕಟ್ಟಲು ಬರುವವರೇ ಇರಲಿಲ್ಲ. ನಾನು ಹತ್ತು ದಿನದ ತರಬೇತಿಗೆ ಹೋಗಿ ಹೊಸ ನಮೂನೆಯ ತೊಟ್ಟಿಯನ್ನು ಕಲಿತು ಬಂದಿದ್ದೆ. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಒಂದು ಕಡೆ ಸಗಣಿ ಹಾಕುವ ಕೊಳವೆ, ಇನ್ನೊಂದು ಕಡೆ ಗ್ಯಾಸು ಬಿಟ್ಟುಳಿದ ಬಗ್ಗಡ ಹೊರಗೆ ಬರುವ ಹೊರತೊಟ್ಟಿ, ನೆತ್ತಿಯಲ್ಲಿ ಗ್ಯಾಸಿನ ಪೈಪು. ಇಷ್ಟೇ.

ಒಂದು ದಿನ ವಿಸ್ತರಣಾಧಿಕಾರಿಗಳು ನನ್ನನ್ನು ಕಚೇರಿಗೆ ಕರೆಸಿ ಹೊಸ ಯೋಜನೆಯೊಂದನ್ನು ವಿವರಿಸಿದರು. ಹದಿನೆಂಟು ತುಂಬಿದ, ಕೆಲಸವಿಲ್ಲದ ಇಬ್ಬರನ್ನು ನಾನು ಆರು ತಿಂಗಳು ಜೊತೆಯಲ್ಲಿಟ್ಟುಕೊಂಡು ಗ್ಯಾಸ್ ತೊಟ್ಟಿ ಕಟ್ಟುವುದನ್ನು ಕಲಿಸಬೇಕು. ಅವರ ದಿನಗೂಲಿಯಲ್ಲಿ ಅರ್ಧ ನನ್ನದು, ಅರ್ಧ ಸರ್ಕಾರದ್ದು. ಕೊನೆಯಲ್ಲಿ ಅವರಿಗೆ ಕೆಲಸ ಬಂದಿದೆಯೆಂದು ಅಧಿಕಾರಿಗಳೇ ನೋಡಿ ಒಪ್ಪಬೇಕು. ನಾನು ತಲೆಯಾಡಿಸಿ ರುಜು ಹಾಕಿದೆ. ಮನಸ್ಸಿನಲ್ಲಿದ್ದದ್ದು ಬೇರೆ. ಗುಂಡಿ ತೋಡಲು, ಮಣ್ಣು ಹೊರಲು ಹೇಗೂ ಆಳು ಬೇಕು. ಅರ್ಧ ಕೂಲಿಗೆ ಎರಡು ಆಳು ಸಿಕ್ಕರೆ ಯಾರಿಗೆ ಬೇಡ?

ಬಂದವರಲ್ಲಿ ಒಬ್ಬ ಕಾರ್ಗಲ್ಲಿನ ಹುಡುಗ. ಅವನ ತಂದೆ ಕರೆಂಟಿನ ಪ್ರಾಜೆಕ್ಟಿನಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸಿನಲ್ಲಿ ಬೆಳೆದ ಅವನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿ ಕೂತಿದ್ದ. ಇನ್ನೊಬ್ಬಳು ಹೊಳೆಬಾಗಿಲಿನಿಂದ ಲಾಂಚು ಹತ್ತಿ ಆಚೆ ದಡಕ್ಕೆ ಹೋದರೆ ಸಿಗುವ ಒಂದು ಹಳ್ಳಿಯವಳು. ಹತ್ತೊಂಬತ್ತು ವರ್ಷ, ಏಳನೇ ಕ್ಲಾಸಿನವರೆಗೆ ಓದು. ಅವಳು ಹುಟ್ಟುವ ಮುಂಚೆಯೇ ಅವರ ಗದ್ದೆಯೆಲ್ಲ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾಗಿತ್ತು. ಎರಡು ವರ್ಷದಿಂದ ರಸ್ತೆ ಕೆಲಸದಲ್ಲಿ ಮಣ್ಣು ಹೊರುತ್ತಿದ್ದಳಂತೆ. ಹೊಸನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರತೊಡಗಿದಳು. ಅವಳ ತೋಳಿನ ಗಟ್ಟಿತನ ನೋಡಿ ನನಗೆ ಖುಷಿಯಾಯಿತು. ಯಾವ ಕಾರಣಕ್ಕೆ ಖುಷಿಯಾಯಿತು ಎನ್ನುವುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎರಡು ತಿಂಗಳು ಹಾಗೇ ಕಳೆಯಿತು. ಹುಡುಗ ಮರಳು ಜರಡಿ ಹಿಡಿಯುತ್ತಿದ್ದ, ಹುಡುಗಿ ಬುಟ್ಟಿ ಹೊರುತ್ತಿದ್ದಳು, ಕರಣೆ ನನ್ನ ಕೈಯಲ್ಲೇ ಇತ್ತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ವಿಸ್ತರಣಾಧಿಕಾರಿಗಳ ಮೋಟರ್‌ಬೈಕು ಬಂದು ನಿಂತಿತು. ಅವರು ನೇರ ಹುಡುಗಿಯ ಹತ್ತಿರ ಹೋದರು.

"ಎಲ್ಲಿಮ್ಮ, ಒಂದು ಇಟ್ಟಿಗೆ ಇಡು ನೋಡೋಣ."

ಅವಳು ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು. ಆಮೇಲೆ ಅವರ ಮುಖ ನೋಡಿ, "ನಂಗೆ ಮಣ್ಣು ಹೊರಕ್ಕೆ ಮುಂಚೇನೇ ಬರ್ತಿತ್ತು ಸಾರ್. ಇಲ್ಲಿ ಬಂದು ಕಲ್ತಿದ್ದು ಎಂತದೂ ಇಲ್ಲ" ಅಂದಳು. ದೂರುವ ದನಿಯಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೇ.

ಅಧಿಕಾರಿಗಳು ನನ್ನನ್ನು ಪಕ್ಕಕ್ಕೆ ಕರೆದರು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮೇಸ್ತ್ರಿ, ಸರ್ಕಾರ ಅರ್ಧ ಕೂಲಿ ಕೊಡ್ತಿರೋದು ನಿಮಗೆ ಅಗ್ಗಕ್ಕೆ ಆಳು ಸಿಗಲಿ ಅಂತ ಅಲ್ಲ. ಇಟ್ಟಿಗೆ ಬೀಳುತ್ತೆ, ಸಿಮೆಂಟು ಹಾಳಾಗುತ್ತೆ, ನಿಮ್ಮ ಟೈಮು ಹೋಗುತ್ತೆ. ಆ ನಷ್ಟಕ್ಕೆ ಅಂತ ಕೊಡ್ತಿರೋದು. ಮಳೆಗಾಲ ಹಿಡಿಯೋದರೊಳಗೆ ಇವರಿಬ್ಬರಲ್ಲಿ ಒಬ್ಬರಾದ್ರೂ ಒಂದು ಗುಮ್ಮಟ ಮುಚ್ಚಬೇಕು. ಇಲ್ಲದಿದ್ರೆ ಇಬ್ಬರನ್ನೂ ಮನೆಗೆ ಕಳಿಸಿ, ಈ ಕಡೆಗೆ ಯೋಜನೆಯೇ ಬೇಡ ಅಂತ ಮೇಲಕ್ಕೆ ಬರೆದುಬಿಡ್ತೀನಿ."

ನನ್ನ ಹೆಸರು ಸರ್ಕಾರದ ಮೇಸ್ತ್ರಿಗಳ ಪಟ್ಟಿಯಿಂದ ಹೋಗುತ್ತದೆ ಎನ್ನುವ ಹೆದರಿಕೆ ಇದ್ದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಇಟ್ಟಿಗೆ ಬೀಳುವುದಕ್ಕೇ ದುಡ್ಡು ಕೊಟ್ಟಿದ್ದಾರೆ ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ನನ್ನ ಗುರು ನನಗೆ ಕಲಿಸುವಾಗ ಒಂದು ಇಟ್ಟಿಗೆ ಒಡೆದರೂ ಬೆನ್ನಿಗೆ ಏಟು ಬೀಳುತ್ತಿತ್ತು.

ಮರುದಿನವೇ ಮನೆಯ ಹಿಂದಿನ ಜಾಗದಲ್ಲಿ ಅಭ್ಯಾಸ ಶುರುವಾಯಿತು. ಸಿಮೆಂಟಿಲ್ಲ, ಬರೀ ಕೆಸರು ಮತ್ತು ಹಳೆಯ ಇಟ್ಟಿಗೆ. ನೆಲದ ನಡುವೆ ಗೂಟ ಹೊಡೆದು, ಅದರ ತಲೆಗೆ ಮೊಳೆ, ಮೊಳೆಗೆ ದಾರ. ಗುಮ್ಮಟಕ್ಕೆ ಇರುವ ಅಳತೆಯೆಂದರೆ ಆ ದಾರವೊಂದೇ. ಯಾವ ಕಡೆ ಎಳೆದರೂ, ಎಷ್ಟು ಎತ್ತರಕ್ಕೆ ಎಳೆದರೂ ಇಟ್ಟಿಗೆಯ ಒಳಮುಖ ದಾರದ ತುದಿಗೆ ತಾಗಬೇಕು. ಸಾಲು ಮೇಲೆ ಹೋದಹಾಗೆ ಇಟ್ಟಿಗೆ ಒಳಕ್ಕೆ ವಾಲುತ್ತದೆ, ಗಾರೆಯ ಹಿಡಿತಕ್ಕೆ ನಿಲ್ಲುವುದಿಲ್ಲ. ಆಗ ತಂತಿಯ ಕೊಕ್ಕೆ ಬೇಕು. ಕೊಕ್ಕೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿಗೆ ಹೊರಗಡೆ ಒಂದು ಇಟ್ಟಿಗೆಯ ತೂಕ. ಪಕ್ಕದ ಇಟ್ಟಿಗೆ ಇಟ್ಟಮೇಲೆ ಕೊಕ್ಕೆ ಮುಂದಕ್ಕೆ ಹೋಗುತ್ತದೆ. ಸುತ್ತು ಪೂರ್ತಿಯಾದ ಮೇಲೆ ಯಾವ ಕೊಕ್ಕೆಯೂ ಬೇಕಿಲ್ಲ. ಕೆಳಗೆ ಮರದ ಆಸರೆಯಿಲ್ಲ, ಕಂಬವಿಲ್ಲ.

ಹುಡುಗನ ಮೊದಲ ಗುಮ್ಮಟ ಐದನೇ ಸಾಲಿಗೆ ಬಿತ್ತು. ಹುಡುಗಿಯದು ನಾಲ್ಕಕ್ಕೆ. ಎರಡನೆಯದೂ ಬಿತ್ತು. ಮೂರನೆಯದು ಬೀಳುವಾಗ ಅವಳ ಹೆಬ್ಬೆರಳು ಜಜ್ಜಿತು. ಬಟ್ಟೆ ಸುತ್ತಿಕೊಂಡು ಬಂದು ಕೇಳಿದಳು:

"ನೀವು ಕಟ್ಟಿದ್ದು ಕೊಕ್ಕೆ ತೆಗೆದ್ಮೇಲೂ ಯಾಕೆ ಬೀಳಲ್ಲ ಮೇಸ್ತ್ರಿ?"

"ಹಾಗೆ ಕಟ್ಟಿದ್ರೆ ಬೀಳಲ್ಲ."

"ಅದು ಉತ್ರ ಅಲ್ಲ."

ಕಾರಣವನ್ನು ತರಬೇತಿಯಲ್ಲಿ ಹೇಳಿದ್ದರೋ ಏನೋ, ನಾನು ಕೈಗೆ ಮಾತ್ರ ಕಲಿಸಿಕೊಂಡು ಬಂದಿದ್ದೆ. ಅವಳು ಆ ಸಂಜೆ ನಾನು ಮಾದರಿಗೆಂದು ಕಟ್ಟಿ ನಿಲ್ಲಿಸಿದ್ದ ಚಿಕ್ಕ ಗುಮ್ಮಟದ ಪಕ್ಕ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು. ಮೇಲಿನ ಸಾಲಿನ ಇಟ್ಟಿಗೆಯೊಂದನ್ನು ಒಳಕ್ಕೆ ತಳ್ಳುವಳು, ಕೈ ಬಿಡುವಳು, ಇನ್ನೊಂದನ್ನು ತಳ್ಳುವಳು. ಮರುದಿನ ಬೆಳಿಗ್ಗೆ ಬಂದವಳೇ ಹೇಳಿದಳು:

"ಅದಕ್ಕೆ ಬೀಳಕ್ಕೆ ಜಾಗ ಇಲ್ಲ ಮೇಸ್ತ್ರಿ. ಎಲ್ಲಾವೂ ಒಳಗೆ ಬೀಳಕ್ಕೇ ನೋಡ್ತಾವೆ. ಎಲ್ಲಾವೂ ಒಂದೇ ಸಲ ಹೊರಟದ್ದಕ್ಕೆ ಒಂದಕ್ಕೊಂದು ಅಡ್ಡ ಆಗಿ ನಿಂತಾವೆ. ಅಷ್ಟೆಯ."

ಹದಿನೈದು ವರ್ಷ ಇಟ್ಟಿಗೆ ಇಟ್ಟ ಕೈ ನನ್ನದು. ಆ ಕೈಯನ್ನು ನಾನೇ ತಿರುಗಿಸಿ ನೋಡಿಕೊಂಡೆ. ಬೀಳುವ ಆಸೆಯೇ ಅದನ್ನು ನಿಲ್ಲಿಸಿದೆ ಎನ್ನುವುದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಆ ದಿನ ಅವಳ ನಾಲ್ಕನೇ ಗುಮ್ಮಟ ನಿಂತಿತು. ಕಾರ್ಗಲ್ಲಿನ ಹುಡುಗ ಅದರ ಮೇಲೆ ಹತ್ತಿ ನಿಂತು ಕೈ ತಟ್ಟಿದ.

ನಿಜವಾದ ಕೆಲಸ ಸಿಕ್ಕಿದ್ದು ಸಾಗರ ತಾಲ್ಲೂಕಿನಲ್ಲಿ, ಹೊಳೆಬಾಗಿಲಿಗೆ ಹೋಗುವ ರಸ್ತೆಯ ಪಕ್ಕದ ಒಂದು ಊರಿನಲ್ಲಿ. ಮನೆಯೊಡತಿ ಗಂಡನಿಲ್ಲದ ಹೆಂಗಸು. ಆರು ಎಮ್ಮೆ ಸಾಕಿ ಸಾಗರದ ಹೋಟೆಲುಗಳಿಗೆ ಹಾಲು ಕಳಿಸುತ್ತಿದ್ದರು. ಹುಡುಗಿಗೆ ಅನುಕೂಲವಾಯಿತು, ತನ್ನ ಮನೆಯಿಂದಲೇ ಬೆಳಗಿನ ಲಾಂಚಿಗೆ ಬರುತ್ತಿದ್ದಳು. ನಾನು ಮತ್ತು ಹುಡುಗ ಸಾಗರದಲ್ಲಿ ಒಂದು ಕೋಣೆ ಹಿಡಿದು ಬಸ್ಸಿನಲ್ಲಿ ಓಡಾಡಿದೆವು.

ಕೊಟ್ಟಿಗೆಯ ಕೆಳಗಿನ ಇಳಿಜಾರಿನಲ್ಲಿ ಗುಂಡಿ ತೋಡಿದೆವು. ಕಲ್ಲಿನಂಥ ಕೆಂಪು ಜಂಬುಮಣ್ಣು, ಗುದ್ದಲಿಗೆ ಬೆಂಕಿ ಕಿಡಿ ಹಾರುತ್ತಿತ್ತು. ತಳವನ್ನು ಬಾಣಲೆಯ ಹಾಗೆ ಕೊರೆದು, ಜಲ್ಲಿ ಕಾಂಕ್ರೀಟು ಹಾಕಿ, ನಡುವೆ ಗೂಟ ನಿಲ್ಲಿಸಿದೆವು. ಗಾರೆ ಕಲಸುವುದು, ಅಳತೆ ನೋಡುವುದು ಹುಡುಗನ ಪಾಲಿಗೆ. ಅವನಿಗೆ ಮಟ್ಟದ ಕಣ್ಣು ಇತ್ತು. ಇಟ್ಟಿಗೆ ಹುಡುಗಿಯದು. ನಾನು ಗುಂಡಿಯ ಅಂಚಿನಲ್ಲಿ ಕೈ ಕಟ್ಟಿ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ. ಅವಳ ಒಂದೊಂದು ಇಟ್ಟಿಗೆಗೂ ನನ್ನ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು.

ಮನೆಯೊಡತಿ ಎರಡು ದಿನ ನೋಡಿ ಮೂರನೇ ದಿನ ಕೇಳಿಯೇಬಿಟ್ಟರು. "ಮೇಸ್ತ್ರಿ, ದುಡ್ಡು ತಗಳದು ನೀವು, ಕಟ್ಟದು ಈ ಹುಡುಗಿಯ? ನಾಳೆ ಇದು ಬಿದ್ರೆ ಎಂತ ಮಾಡದು?"

"ಬಿದ್ರೆ ನನ್ನ ಇಟ್ಟಿಗೆ, ನನ್ನ ಸಿಮೆಂಟು, ನಾನೇ ಕಟ್ಟಿಕೊಡ್ತೀನಿ ಅಮ್ಮ."

ಅವರು ಹುಡುಗಿಯತ್ತ ನೋಡಿದರು. "ಹೆದ್ರಿಕೆ ಆಗಲ್ವನೆ ನಿಂಗೆ?"

"ಆಗ್ತದೆ ಅಮ್ಮ," ಅಂದಳು ಅವಳು ತಲೆ ಎತ್ತದೆ, "ಅದಕ್ಕೇ ನಿಧಾನ ಮಾಡ್ತಿದೀನಿ."

ಒಂಬತ್ತನೇ ದಿನ ನೆತ್ತಿಯ ಕೊನೆಯ ಸುತ್ತು. ಗ್ಯಾಸಿನ ಪೈಪನ್ನು ನಡುವೆ ಹಿಡಿದು ಸುತ್ತಲೂ ತುಂಡು ಇಟ್ಟಿಗೆ ಕೂರಿಸಿ ಗುಮ್ಮಟ ಮುಚ್ಚಿದಳು. ಹೊರತೊಟ್ಟಿಯ ಬಾಯಿಂದ ತೆವಳಿಕೊಂಡು ಹೊರಗೆ ಬಂದಾಗ ತಲೆಗೂದಲೆಲ್ಲ ಸಿಮೆಂಟು. ಆಮೇಲೆ ಒಳಗೋಡೆಗೆ ಗಾರೆ. ಗ್ಯಾಸು ನೀರಿಗಿಂತ ಬೇಗ ನುಣುಚಿಕೊಳ್ಳುತ್ತದೆ. ಕೂದಲೆಳೆಯ ಬಿರುಕಿದ್ದರೂ ಸೋರಿಹೋಗುತ್ತದೆ. ಅದಕ್ಕೆ ಒಂದರ ಮೇಲೊಂದು ಮೂರು ಪದರ, ಕೊನೆಗೆ ಬರೀ ಸಿಮೆಂಟು ನೀರಿನ ಲೇಪ. ಅದನ್ನು ಇಬ್ಬರೂ ಸೇರಿ ಮಾಡಿದರು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗುಮ್ಮಟದ ಸುತ್ತ ಗುಂಡಿಯಲ್ಲಿ ಉಳಿದ ಖಾಲಿ ಜಾಗಕ್ಕೆ ಕೂಡಲೇ ಮಣ್ಣು ತುಂಬಿ, ಗಟ್ಟಿಯಾಗಿ ಬಡಿದು ದಮ್ಮಸು ಹಾಕಬೇಕಿತ್ತು. ಗಾರೆ ಚೆನ್ನಾಗಿ ಗಟ್ಟಿಯಾಗಲಿ, ಮಳೆಗಾಲಕ್ಕೆ ಇನ್ನೂ ಮೂರು ವಾರ ಇದೆಯಲ್ಲ ಎಂದು ಹಾಗೇ ಬಿಟ್ಟೆ. ಬಿಟ್ಟ ಮರುದಿನ ಗುಡುಗು ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ.

ಮೂರನೇ ಬೆಳಿಗ್ಗೆ ಮಳೆ ನಿಂತಿತ್ತು. ನಾನೂ ಹುಡುಗನೂ ಬಸ್ಸಿಳಿದು ಹೋಗುವಷ್ಟರಲ್ಲಿ ಹುಡುಗಿ ಮೊದಲ ಲಾಂಚಿಗೇ ಬಂದು ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಇಳಿಜಾರಿನ ಮೇಲಿನಿಂದ ಇಳಿದ ನೀರೂ ನೆಲದೊಳಗಿನಿಂದ ಜಿನುಗಿದ ನೀರೂ ಸೇರಿ ಗುಂಡಿ ತುಂಬಿತ್ತು. ಕೆಂಪು ನೀರಿನ ನಡುವೆ ಗುಮ್ಮಟದ ನೆತ್ತಿ ಮತ್ತು ಹೊರತೊಟ್ಟಿಯ ಬಾಯಿ ಮಾತ್ರ ಮೇಲೆ ಕಾಣುತ್ತಿದ್ದವು.

"ಮೇಸ್ತ್ರಿ," ಅಂದಳು ಅವಳು ಮೆಲ್ಲಗೆ, "ಅದು ಎದ್ದದೆ."

"ಎಂತದು?"

"ಗುಮ್ಮಟ. ನೆಲ ಬಿಟ್ಟು ಎದ್ದದೆ."

ನಾನು ನಂಬಲಿಲ್ಲ. ಅವಳು ಸಗಣಿಯ ಕೊಳವೆಯ ತುದಿ ತೋರಿಸಿದಳು. ಅದು ಗುಮ್ಮಟದ ಜೊತೆ ಮೇಲಕ್ಕೆ ಬಂದು, ಅಂಚಿನಲ್ಲಿ ನಾವು ಕಟ್ಟಿದ್ದ ಚಿಕ್ಕ ತೊಟ್ಟಿಯಿಂದ ಬಿಟ್ಟುಹೋಗಿತ್ತು. ನಡುವೆ ಬೆರಳು ತೂರುವಷ್ಟು ಸಂದು. ನಾನು ಗುಂಡಿಯ ಅಂಚು ಹಿಡಿದು ಸೊಂಟದವರೆಗೆ ನೀರಿಗಿಳಿದು ಗುಮ್ಮಟದ ಮೇಲೆ ಕಾಲಿಟ್ಟೆ. ಆಗ ಅಂಗಾಲಿಗೆ ಗೊತ್ತಾಯಿತು. ಅದು ಅಲುಗಿತು. ಬಿರುಕು ಬಿಟ್ಟು ಅಲುಗಿದ ಹಾಗಲ್ಲ. ದಡಕ್ಕೆ ಕಟ್ಟಿದ ದೋಣಿಗೆ ಕಾಲಿಟ್ಟರೆ ಹೇಗೆ ತುಸು ತಗ್ಗಿ ಮತ್ತೆ ಎದ್ದುಕೊಳ್ಳುತ್ತದೋ ಹಾಗೆ.

ಲಾರಿ ತುಂಬ ಬಂದ ಇಟ್ಟಿಗೆ, ಮರಳು, ಜಲ್ಲಿ. ನಾವು ಮೂವರು ಕೈಯಾರೆ ಇಳಿಸಿಕೊಂಡದ್ದು. ಒಳಗೆ ಬರೀ ಗಾಳಿಯಿದ್ದದ್ದಕ್ಕೆ, ಸುತ್ತಲೂ ನಿಂತ ಆಳೆತ್ತರದ ನೀರು ಅಷ್ಟೂ ತೂಕವನ್ನು ಎತ್ತಿ ಹಿಡಿದಿತ್ತು. ಈ ಲೆಕ್ಕ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಹೆದರಿಕೆಯ ಜೊತೆಗೆ ಇನ್ನೇನೋ ಇತ್ತು. ಇಟ್ಟಿಗೆ ಗಾರೆಯ ಮನೆಯಷ್ಟು ದೊಡ್ಡ ವಸ್ತು ತಳದ ಕಾಂಕ್ರೀಟಿನ ಸಮೇತ ಒಂದೇ ತುಂಡಾಗಿ, ಎಲ್ಲಿಯೂ ಸೀಳದೆ, ನನ್ನ ಕಾಲಡಿಯಲ್ಲಿ ತೇಲುತ್ತಿತ್ತು.

ಮನೆಯೊಡತಿ ತಲೆಗೆ ಕೈ ಹೊತ್ತು ಕೂತರು. ನಾನು ಮೊದಲು ಯೋಚಿಸಿದ್ದು ಎಲ್ಲರೂ ಯೋಚಿಸುವುದನ್ನೇ. ನೀರು ಹೊರಗೆ ಹಾಕಬೇಕು. ಹುಡುಗ ಓಡಿಹೋಗಿ ಪಕ್ಕದ ಮನೆಯವರ ಡೀಸೆಲ್ ಪಂಪನ್ನು ಎತ್ತಿನ ಗಾಡಿಯಲ್ಲಿ ತಂದ. ಪೈಪಿನ ಬಾಯಿ ಗದ್ದೆಯ ಕಡೆ ಬಿಟ್ಟು ಚಾಲೂ ಮಾಡಿದೆವು. ನೀರು ಒಂದು ಗೇಣು ಇಳಿಯಿತು. ಆಮೇಲೆ ಇಳಿಯಲೇ ಇಲ್ಲ. ನಾವು ಎಷ್ಟು ಎತ್ತುತ್ತೇವೋ ಅಷ್ಟನ್ನು ನೆಲ ಕೊಡುತ್ತಿತ್ತು. ಬಡಗಣ ದಿಕ್ಕಿನಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಗುಮ್ಮಟ ಇನ್ನೂ ಏಳುತ್ತದೆ, ವಾರೆಯಾಗುತ್ತದೆ, ಗುಂಡಿಯ ಗೋಡೆಗೆ ಬಡಿದು ಸೀಳುತ್ತದೆ.

ಹುಡುಗಿ ಪಂಪಿನ ಹತ್ತಿರ ನಿಂತು ಗದ್ದೆಗೆ ಹೋಗುತ್ತಿದ್ದ ನೀರನ್ನೇ ನೋಡುತ್ತಿದ್ದಳು.

"ಮೇಸ್ತ್ರಿ, ಆ ನೀರನ್ನ ಗುಮ್ಮಟದ ಒಳಗೇ ಬಿಡಣ."

"ಎಂತ ಹೇಳ್ತೀಯ? ಹೊರಗಿನ ನೀರೇ ಸಾಲದಾ?"

"ಹಂಗಲ್ಲ. ಖಾಲಿ ಲಾಂಚು ಮೇಲೆ ಇರ್ತದೆ. ಬಸ್ಸು, ಜನ ಎಲ್ಲ ಹತ್ತಿದ್ರೆ ಕೆಳಗೆ ಕೂರ್ತದೆ. ದಿನಾ ನೋಡ್ತೀನಲ್ಲ ನಾನು. ಇದು ಖಾಲಿ ಉಂಟು, ಅದಕ್ಕೆ ಎದ್ದದೆ. ತುಂಬಿದ್ರೆ ಕೂರ್ತದೆ."

"ಒಳಗಿನ ಗಾರೆ ಹಾಕಿ ಇನ್ನೂ ಐದೇ ದಿನ ಆಗಿದೆ. ಕಿತ್ಕೊಂಡು ಬಂದ್ರೆ?"

"ಗಾರೆಗೆ ನಾವೇ ದಿನಾ ನೀರು ಹೊಡೀತಿರಲಿಲ್ವ?"

ಹುಡುಗ ನಡುವೆ ಬಾಯಿ ಹಾಕಿದ. "ಕೂರೋದು ಒಂದೇ ಕಡೆ ಕೂತ್ರೆ ಸೀಳ್ತದೆ ಮೇಸ್ತ್ರಿ. ಸಮ ಕೂರ್ಬೇಕು. ನಾನು ಮೇಲೆ ನಿಂತು ಮಟ್ಟ ನೋಡ್ತೀನಿ. ವಾಲಿದ್ರೆ ಕೂಗ್ತೀನಿ, ನೀವು ಪಂಪು ನಿಲ್ಸಿ."

ಇಬ್ಬರೂ ನನ್ನ ಮುಖ ನೋಡುತ್ತ ನಿಂತರು. ತೀರ್ಮಾನ ನನ್ನದಾಗಬೇಕಿತ್ತು. ನೀರು ಒಳಗೆ ಬಿಟ್ಟು ಗುಮ್ಮಟ ಒಡೆದರೆ, ನಾನೇ ಕೈಯಾರೆ ಒಡೆದ ಹಾಗೆ. ಬಿಡದೆ ಒಡೆದರೆ ಮಳೆಯ ಮೇಲೆ ಹೇಳಬಹುದಿತ್ತು. ಅಧಿಕಾರಿಗಳೂ ಒಪ್ಪುತ್ತಿದ್ದರೋ ಏನೋ. ಆ ದಾರಿ ಕಣ್ಣಿಗೆ ಕಂಡಿತು. ಕಂಡಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಖಾಲಿಯಿದ್ದದ್ದಕ್ಕೆ ಎದ್ದಿದೆ ಎನ್ನುವ ಮಾತು ಸರಿಯೆಂದು ನನಗೆ ಅಷ್ಟರಲ್ಲಿ ಗೊತ್ತಾಗಿಬಿಟ್ಟಿತ್ತು. ಗೊತ್ತಾದ ಮೇಲೆ ಗೊತ್ತಿಲ್ಲದವನ ಹಾಗೆ ನಿಲ್ಲುವುದು ಹೇಗೆ?

ನಾನು ಗದ್ದೆಯ ಕಡೆಯಿದ್ದ ಪೈಪನ್ನು ಎಳೆದುಕೊಂಡು ಬಂದು ಅದರ ಬಾಯನ್ನು ಹೊರತೊಟ್ಟಿಯೊಳಗೆ ಇಳಿಸಿದೆ. ಪಂಪು ಅದೇ, ನೀರೂ ಅದೇ. ತಿರುಗಿದ್ದು ಪೈಪು ಮಾತ್ರ.

ಗ್ಯಾಸಿನ ಪೈಪಿನ ಬಾಯಿ ತೆರೆದೇ ಇಟ್ಟಿದ್ದೆವು, ಒಳಗಿನ ಗಾಳಿ ಹೋಗಬೇಕಲ್ಲ. ಅದರಿಂದ ಸುಯ್ ಎಂದು ಗಾಳಿ ಬರತೊಡಗಿತು. ಹುಡುಗ ಗುಮ್ಮಟದ ಮೇಲೆ ಅಂಗಾಲೂರಿ ಕೂತು, ನೀರು ತುಂಬಿದ ಸಣ್ಣ ಕೊಳವೆಯನ್ನು ಅಡ್ಡ ಹಿಡಿದು ಮಟ್ಟ ನೋಡುತ್ತಿದ್ದ. ಹುಡುಗಿ ಸಗಣಿಯ ಕೊಳವೆಯ ಪಕ್ಕ ಒಂದು ಕೈಯಲ್ಲಿ ಅಂಚು ಹಿಡಿದು ಕುತ್ತಿಗೆಯವರೆಗೆ ನೀರಿಗಿಳಿದು ಸಂದಿನಲ್ಲಿ ಬೆರಳಿಟ್ಟುಕೊಂಡಿದ್ದಳು. ಅರ್ಧ ಗಂಟೆ ಏನೂ ಆಗಲಿಲ್ಲ. ಒಂದು ಗಂಟೆ ಕಳೆಯಿತು. ಮನೆಯೊಡತಿ ತಂದಿಟ್ಟ ಚಹಾ ಕಲ್ಲಿನ ಮೇಲೆ ಆರಿಹೋಯಿತು.

ಆಮೇಲೆ ಹುಡುಗಿ ಅಂದಳು: "ಬೆರಳು ಹಿಡೀತಾ ಉಂಟು."

"ಮಟ್ಟ?" ಎಂದು ಕೂಗಿದೆ.

"ಮಟ್ಟ ಇದೆ!" ಎಂದ ಹುಡುಗ.

ಅವಳು ಬೆರಳು ತೆಗೆದಳು. ಗುಮ್ಮಟದ ಸುತ್ತಲಿನ ಕೆಂಪು ನೀರಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು, ಒಂದು ಕಡೆ ಮಾತ್ರವಲ್ಲ, ಸುತ್ತಲೂ, ಬಳೆಯ ಹಾಗೆ. ಧಪ್ಪೆನ್ನುವ ಸದ್ದೇನೂ ಕೇಳಲಿಲ್ಲ. ನೆಲದೊಳಗಿಂದ ಒಂದು ಉದ್ದನೆಯ ಉಸಿರು ಬಂದ ಹಾಗಾಯಿತು. ಹುಡುಗ ಎರಡೂ ಅಂಗೈಯನ್ನು ಇಟ್ಟಿಗೆಗೆ ಒತ್ತಿ ಹಿಡಿದು ಸುಮ್ಮನೆ ಕೂತಿದ್ದ. "ಕೂತ್ಕಂಡ್ತು ಮೇಸ್ತ್ರಿ," ಅಂದ. ಮನೆಯೊಡತಿ ಇಬ್ಬರಿಗೂ ಕೈ ಮುಗಿದರು. ಆ ವಯಸ್ಸಿನವರು ಆ ಮಕ್ಕಳಿಗೆ ಕೈ ಮುಗಿದದ್ದನ್ನು ನೋಡಿ ನಾನು ಪಂಪಿನ ಕಡೆ ತಿರುಗಿ ನಿಂತೆ.

ಪಂಪು ಮುಸ್ಸಂಜೆವರೆಗೂ ಓಡಿತು. ಸುತ್ತಲಿನ ನೀರು ಇಳಿದಂತೆ ಒಳಗಿನದು ಏರಿತು. ಆ ರಾತ್ರಿ ಬಿದ್ದ ಮಳೆಗೆ ಗುಮ್ಮಟ ಮಿಸುಕಲಿಲ್ಲ. ಮುಂದಿನ ಮೂರು ದಿನ ನಾಲ್ಕು ಆಳು ಹೆಚ್ಚಿಗೆ ಹಿಡಿದು ಸುತ್ತಲೂ ಮಣ್ಣು ತುಂಬಿ ದಮ್ಮಸು ಹಾಕಿಸಿದೆ. ನೆತ್ತಿಯ ಮೇಲೂ ಮಣ್ಣು ಹೇರಿದೆವು. ಬಿಟ್ಟುಹೋಗಿದ್ದ ಕೊಳವೆಯ ಜೋಡಣೆಯನ್ನು ಹುಡುಗ ಕಿತ್ತು ಹೊಸದಾಗಿ ಕಟ್ಟಿದ.

ಇನ್ನು ಸೋರುತ್ತದೆಯೋ ಇಲ್ಲವೋ ನೋಡಬೇಕಿತ್ತು. ಒಳಗೆ ನೀರಿರುವಾಗಲೇ ಆ ಪರೀಕ್ಷೆ ಮಾಡಬಹುದು. ಗ್ಯಾಸಿನ ಪೈಪಿಗೆ ಬಗ್ಗಿಸಿದ ಪಾರದರ್ಶಕ ನಳಿಗೆ ಕಟ್ಟಿ, ಅದರಲ್ಲಿ ಬಣ್ಣದ ನೀರು ಹಾಕಿ, ಹೊರತೊಟ್ಟಿಯಿಂದ ಇನ್ನಷ್ಟು ನೀರು ಸುರಿದರೆ ನೆತ್ತಿಯಲ್ಲಿ ಸಿಕ್ಕಿಬಿದ್ದ ಗಾಳಿ ಬಿಗಿಯಾಗಿ ನಳಿಗೆಯ ನೀರನ್ನು ಮೇಲೆ ತಳ್ಳುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಸೀಳಿದ್ದರೆ ಆ ನೀರು ನಿಧಾನವಾಗಿ ಇಳಿಯುತ್ತದೆ. ಮನೆಯೊಡತಿ ಕುಂಕುಮ ಕೊಟ್ಟರು. ಕೆಂಪು ನೀರು ಏರಿ ನಿಂತ ಕಡೆ ಹುಡುಗ ದಾರ ಕಟ್ಟಿದ. ಮರುದಿನ ಅದೇ ಹೊತ್ತಿಗೆ ನೋಡಿದೆವು. ನೀರು ದಾರದ ಹತ್ತಿರವೇ ಇತ್ತು. ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಇಳಿದಿರಲಿಲ್ಲ.

ಆದರೂ ನನಗೆ ನೆಮ್ಮದಿಯಿಲ್ಲ. ನೆಲ ಬಿಟ್ಟು ಎದ್ದು ಮತ್ತೆ ಕೂತ ಕಟ್ಟಡ ಅದು. ನೀರನ್ನು ಮೊಳಕಾಲುದ್ದಕ್ಕೆ ಇಳಿಸಿ, ಕೋಲಿನ ತುದಿಗೆ ಟಾರ್ಚು ಕಟ್ಟಿಕೊಂಡು ಹೊರತೊಟ್ಟಿಯ ಬಾಯಿಂದ ಒಳಗಿಳಿದೆ. ಬೇರೆ ಯಾರನ್ನೂ ಬಿಡಲಿಲ್ಲ.

ಒಳಗೆ ತಂಪು. ಸಿಮೆಂಟಿನ ಹಸಿ ವಾಸನೆ. ನಾನು ತಳದಿಂದ ಶುರುಮಾಡಿ ಅಂಗೈಯಿಂದ ಗೋಡೆ ಸವರುತ್ತ ಸುತ್ತು ಬಂದೆ. ಒಂದು ಸುತ್ತು ಮುಗಿದ ಮೇಲೆ ಒಂದು ಗೇಣು ಮೇಲೆ ಇನ್ನೊಂದು ಸುತ್ತು. ಕಣ್ಣಿಗೆ ಕಾಣದ ಬಿರುಕನ್ನು ಅಂಗೈ ಹಿಡಿಯುತ್ತದೆ. ಕೈ ಎಟುಕದ ಕಡೆ ಟಾರ್ಚು ಎತ್ತಿ ಹಿಡಿದು ನೋಡಿದೆ. ಅಂಗೈಗೂ ಕಣ್ಣಿಗೂ ಏನೂ ಸಿಗಲಿಲ್ಲ. ಎಲ್ಲಿಯೂ ಉಬ್ಬಿಲ್ಲ, ತಗ್ಗಿಲ್ಲ. ಕೈ ಎತ್ತಿದರೂ ಎಟುಕದ ಎತ್ತರದಲ್ಲಿ ನೆತ್ತಿಯ ಪೈಪಿನಿಂದ ಒಂದು ಕಾಸಿನಗಲ ಬೆಳಕು ಬರುತ್ತಿತ್ತು. ಅದು ಕೆಳಗಿನ ನೀರಿಗೆ ಬಿದ್ದು, ನಾನು ಅಲುಗಿದಾಗಲೆಲ್ಲ ಗುಮ್ಮಟದ ತುಂಬ ಬೆಳಕಿನ ಎಳೆಗಳು ಓಡಾಡುತ್ತಿದ್ದವು. ನಾನು ನಿಂತುಬಿಟ್ಟೆ. ಆ ಎಳೆಗಳೂ ನಿಂತವು. ನನ್ನ ಉಸಿರು ನನಗೇ ಸುತ್ತಲಿಂದ ವಾಪಸ್ಸು ಕೇಳಿಸುತ್ತಿತ್ತು. ನಾನು ಕಟ್ಟಿದ ಎಷ್ಟೋ ತೊಟ್ಟಿಗಳೊಳಗೆ ಇಳಿದಿದ್ದೇನೆ. ಅಲ್ಲೆಲ್ಲ ಕೆಲಸ ಮುಗಿಸಿ ಹೊರಗೆ ಬರುವ ಅವಸರ. ಇದರೊಳಗೆ ಮಾತ್ರ ದೊಡ್ಡದೊಂದರ ಎದುರು ನಿಂತವನ ಹಾಗೆ ನಿಂತಿದ್ದೆ.

"ಎಂತ ಆತು ಮೇಸ್ತ್ರಿ?" ಹುಡುಗಿ ಮೇಲಿನಿಂದ ಕೂಗಿದಳು. "ಬಿರುಕು ಉಂಟಾ?"

ಅವಳು ಎರಡನೇ ಸಲ ಕೂಗಿದ ಮೇಲೆ "ಇಲ್ಲ ತಂಗಿ, ಒಂದೂ ಇಲ್ಲ" ಅಂದೆ. ನನ್ನ ಮಾತನ್ನು ಗುಮ್ಮಟ ನಾಲ್ಕು ಸಲ ಹೇಳಿತು.

ವಾರದೊಳಗೆ ವಿಸ್ತರಣಾಧಿಕಾರಿಗಳು ಬಂದರು. ನಡೆದದ್ದನ್ನೆಲ್ಲ ಹೇಳಿದೆ, ಮಣ್ಣು ತುಂಬದೆ ಬಿಟ್ಟ ನನ್ನ ತಪ್ಪನ್ನೂ ಹೇಳಿದೆ. ತೇಲಿತು ಎಂದಾಗ ನಕ್ಕರು. ನಂಬದೆ ಅವರೂ ಪ್ಯಾಂಟು ಮಡಚಿ ಒಳಗಿಳಿದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ನಗು ಇರಲಿಲ್ಲ.

"ನೀರು ಒಳಗೆ ಬಿಡಿ ಅಂತ ಹೇಳಿದ್ದು ಯಾರು?"

ನಾನು ಹುಡುಗಿಯನ್ನು ತೋರಿಸಿದೆ. ಅವರು ಅವಳನ್ನು ಇಟ್ಟಿಗೆ ಇಡು ಎಂದು ಕೇಳಲಿಲ್ಲ. ಒದ್ದೆ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.

ಸಗಣಿ ಮತ್ತು ನೀರು ಸಮ ಕಲಸಿ ತುಂಬಲು ಹತ್ತು ದಿನ ಹಿಡಿಯಿತು. ಮೊದಲು ಬಂದ ಗ್ಯಾಸು ಉರಿಯಲಿಲ್ಲ. ಅದನ್ನು ಹೊರಗೆ ಬಿಟ್ಟೆವು. ಮತ್ತೆ ಕೂಡಿಕೊಂಡದ್ದು ಉರಿಯಿತು. ಮನೆಯೊಡತಿ ಕಡ್ಡಿ ಗೀರಿದಾಗ ಒಲೆಯ ಸುತ್ತ ನೀಲಿ ಹಲ್ಲುಗಳು ಮೂಡಿದವು. ಅವರು ಪಾತ್ರೆ ಇಡುವುದನ್ನು ಮರೆತು ಅದನ್ನೇ ನೋಡುತ್ತಿದ್ದರು. "ಹೊಗೆ ಎಲ್ಲಿ ಹೋತು?" ಎಂದು ಕೇಳಿದರು. ಅಡಿಗೆಮನೆಯಲ್ಲಿ ಯಾರಿಗೂ ಕಣ್ಣುರಿ ಇರಲಿಲ್ಲ, ಆದರೂ ಎಲ್ಲರ ಕಣ್ಣೂ ಒದ್ದೆ.

ಆರು ತಿಂಗಳು ಮುಗಿದ ಮೇಲೆ ಕಾರ್ಗಲ್ಲಿನ ಹುಡುಗ ನನ್ನ ಹತ್ತಿರವೇ ಪೂರ್ತಿ ಕೂಲಿಗೆ ನಿಂತ. ಹುಡುಗಿಯನ್ನೂ ನಿಲ್ಲು ಅಂದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ವರ್ಷ ತೀರ್ಥಹಳ್ಳಿಯ ಕಡೆಯಿಂದ ಕಟ್ಟಿಸಿಕೊಳ್ಳುವವರ ಅರ್ಜಿಗಳು ಬಹಳ ಬಂದಿದ್ದವು. ಅಲ್ಲಿಯದನ್ನೂ ನಮ್ಮ ಅಧಿಕಾರಿಗಳೇ ನೋಡಿಕೊಳ್ಳುತ್ತಿದ್ದರು. ಮಳೆಗಾಲ ಕಳೆದು ನಾನು ಅಲ್ಲಿಯ ಕಚೇರಿಗೆ ಹೊರಟ ದಿನ ಅವಳೂ ಬರುತ್ತೇನೆಂದಳು. ಕೆಲಸ ಕೇಳಲು ಇರಬೇಕು ಎಂದುಕೊಂಡೆ.

ಕಚೇರಿಯಲ್ಲಿ ಅವಳು ನನಗಿಂತ ಮುಂದೆ ಹೋಗಿ ಗುಮಾಸ್ತರ ಮೇಜಿನ ಎದುರು ನಿಂತಳು. ಗ್ಯಾಸ್ ತೊಟ್ಟಿಯ ಕಲಿಕೆಯ ಯೋಜನೆಯ ಫಾರಂ ಬೇಕು ಅಂದಳು. ಗುಮಾಸ್ತರು ಒಂದು ಹಾಳೆ ತೆಗೆದು ಮುಂದಿಟ್ಟರು. ಅವಳು ನಿಂತಲ್ಲೇ ಓದಿ ಅದನ್ನು ವಾಪಸ್ಸು ತಳ್ಳಿದಳು.

"ಇದಲ್ಲ ಸಾರ್. ಇನ್ನೊಂದು."

"ಇನ್ನೊಂದು ಕೆಲಸ ಕೊಡೋರದ್ದು ಕಣಮ್ಮ. ನಿಂದು ಇದೇ, ಕೆಲಸ ಕೇಳೋರದ್ದು."

"ನಂಗೆ ಕೊಡೋರದ್ದೇ ಬೇಕು," ಅಂದಳು. "ಇಬ್ರು ಹುಡುಗೀರನ್ನ ನೋಡಿಟ್ಟೀನಿ."

ಗುಮಾಸ್ತರು ನನ್ನ ಮುಖ ನೋಡಿದರು. ನಾನು ಒಳಗಿನ ಕೋಣೆಯಲ್ಲಿದ್ದ ಅಧಿಕಾರಿಗಳ ಮುಖ ನೋಡಿದೆ. ಅವರು ಎದ್ದು ಬಂದು ಗುಮಾಸ್ತರ ಮೇಜಿನ ಖಾನೆಯನ್ನು ತಾವೇ ಎಳೆದು, ಹಾಳೆಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟರು. ಅವಳು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಳು. ಕೆಲಸ ಕೊಡುವ ಸಂಸ್ಥೆಯ ಹೆಸರು ಎಂಬ ಸಾಲಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅಲ್ಲಿ ತನ್ನ ಹೆಸರನ್ನು, ದೊಡ್ಡ ಅಕ್ಷರದಲ್ಲಿ, ಒಂದೊಂದೇ ಅಕ್ಷರವಾಗಿ ಬರೆದಳು.